1990ರ ಪಿಕಪ್‌ಗೆ 1998ರ ಎಂಜಿನ್ ಕೂರಿಸಿದ ಕಥೆ

ನನ್ನ ಪಿಕಪ್ 1990ರ ಷೆವ್ರೊಲೆ. 5.7 ಲೀಟರ್ ವಿ8, ಐದು ಗೇರಿನ ಮ್ಯಾನ್ಯುಯಲ್. ಚಾಸಿ ಗಟ್ಟಿ, ಬಾಡಿಗೆ ತುಕ್ಕಿಲ್ಲ, ಕೈ ಕೊಟ್ಟಿದ್ದು ಎಂಜಿನ್ ಮಾತ್ರ. ಬಿಸಿಯಾದ ಮೇಲೆ ಐಡಲ್‌ನಲ್ಲಿ ನಿಂತರೆ ಆಯಿಲ್ ಪ್ರೆಷರ್ ಮುಳ್ಳು ಸೊನ್ನೆ ಹತ್ತಿರ ಹೋಗಿ ಮಲಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಕೆಳಗಿನಿಂದ ಟಕ ಟಕ ಟಕ. ಬೇರಿಂಗ್ ಹೋಗಿದೆ ಅಂತ ಹೇಳೋಕೆ ದೊಡ್ಡ ಮೆಕ್ಯಾನಿಕ್ ಬೇಕಿರಲಿಲ್ಲ. ತಪ್ಪು ನನ್ನದೇ. ಎಣ್ಣೆ ಸೋರುತ್ತಿದೆ ಅಂತ ಗೊತ್ತಿದ್ದೂ ಡಿಪ್‌ಸ್ಟಿಕ್ ಎಳೆದು ನೋಡದೆ ತಿಂಗಳುಗಟ್ಟಲೆ ಓಡಿಸಿದ್ದೆ.

ಅದನ್ನೇ ಬಿಚ್ಚಿ ಬೋರ್ ಮಾಡಿಸಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್) ಗ್ರೈಂಡ್ ಮಾಡಿಸಬಹುದಿತ್ತು. ಅಷ್ಟರಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಮೂಲೆಗೆ ಬಿದ್ದಿದ್ದ 1998ರ ಪಿಕಪ್ ಒಂದು ಸಿಕ್ಕಿತು. ಅದೇ ಕಂಪನಿ, ಅದೇ 5.7 ಲೀಟರ್, ಎಂಜಿನ್ ಚೆನ್ನಾಗಿ ಓಡುತ್ತಿತ್ತು. ನನ್ನ ಭಾಮೈದ ನೋಡಿದ್ದೇ ತಡ, "ಭಾವ, ಎರಡೂ 350 ಅಲ್ವಾ? ಇದನ್ನ ಇಳಿಸಿ ಅದಕ್ಕೆ ಕೂರಿಸೋದು, ಎರಡು ದಿನದ ಕೆಲಸ" ಅಂದ. ನಾನೂ ತಲೆಯಾಡಿಸಿದೆ. ಆರು ವಾರ ಹಿಡಿಯಿತು.

ಅವನು ಹೇಳಿದ್ದು ಸುಳ್ಳೇನಲ್ಲ. ಎರಡೂ 350 ಘನ ಇಂಚಿನ ಎಂಜಿನ್ನೇ. ಬೋರ್ 4 ಇಂಚು, ಸ್ಟ್ರೋಕ್ 3.48 ಇಂಚು. ಮೌಂಟ್ ತೂತುಗಳು ಅವೇ, ಗೇರ್ ಬಾಕ್ಸ್ ಕಚ್ಚಿಕೊಳ್ಳುವ ಬೋಲ್ಟುಗಳೂ ಅವೇ. ಮೋಸ ಆಗೋದೇ ಇಲ್ಲಿ. ಬ್ಲಾಕ್ ಹೋಗಿ ಜಾಗದಲ್ಲಿ ಕೂತುಬಿಡುತ್ತೆ, ನಿಮಗೆ ಕೆಲಸ ಮುಗೀತು ಅನ್ನಿಸುತ್ತೆ. ಆ ಎಂಟು ವರ್ಷದಲ್ಲಿ ಬದಲಾಗಿದ್ದೆಲ್ಲ ಬ್ಲಾಕಿನ ಮೇಲೆ, ಮುಂದೆ, ಹಿಂದೆ ಇದೆ. ನನ್ನ ಆರು ವಾರದಲ್ಲಿ ಎಂಜಿನ್ ಇಳಿಸಿ ಏರಿಸೋದಕ್ಕೆ ಹೋಗಿದ್ದು ನಾಲ್ಕು ದಿನ ಇರಬಹುದು, ಅದರಲ್ಲೂ ಎರಡು ದಿನ ನನ್ನ ದಡ್ಡತನದಿಂದ ದಂಡ.

ಕೊಳ್ಳೋ ಮೊದಲು ಮಾಡಿದ ಒಂದೇ ಬುದ್ಧಿವಂತ ಕೆಲಸ ಹೇಳಿಬಿಡುತ್ತೇನೆ. ವಿಐಎನ್, ಅಂದರೆ ಗಾಡಿಯ ಗುರುತಿನ ನಂಬರಿನಲ್ಲಿ ಎಂಟನೇ ಅಕ್ಷರ ನೋಡಿದೆ. ನನ್ನದರಲ್ಲಿ ‘ಕೆ’. ಅಂದರೆ ಟಿಬಿಐ, ಮೇಲುಗಡೆ ಕಾರ್ಬ್ಯುರೇಟರ್ ಥರ ಒಂದು ಥ್ರಾಟಲ್ ಬಾಡಿ ಕೂತು, ಎರಡು ಇಂಜೆಕ್ಟರ್ ಅಲ್ಲಿಂದಲೇ ಪೆಟ್ರೋಲ್ ಚಿಮುಕಿಸೋ ವ್ಯವಸ್ಥೆ. 1998ರದ್ದರಲ್ಲಿ ‘ಆರ್’. ಅದು 1996ರಿಂದ ಬಂದ ವೋರ್ಟೆಕ್ ಎಂಜಿನ್. ಖಾತ್ರಿಗೆ ಒಂದು ವಾಲ್ವ್ ಕವರ್ ಬಿಚ್ಚಿ ಹೆಡ್ (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರೋ, ವಾಲ್ವುಗಳಿರೋ ಭಾಗ) ಮೇಲಿನ ಎರಕದ ನಂಬರನ್ನೂ ನೋಡಿದೆ, ಕೊನೆಯ ಮೂರಂಕಿ 906 ಇತ್ತು. 906 ಅಥವಾ 062 ಇದ್ದರೆ ವೋರ್ಟೆಕ್ ಹೆಡ್ಡೇ. ಒಮ್ಮೆ ಚೆನ್ನಾಗಿ ಬಿಸಿ ಏರಿದ್ದ ಎಂಜಿನ್ ಆಗಿದ್ದರೆ ವಾಲ್ವ್ ಸೀಟ್ ಪಕ್ಕ ಕೂದಲೆಳೆಯಷ್ಟು ಬಿರುಕು ಇರಬಹುದು, ಅದನ್ನೂ ನೋಡಿಸಿ. ಬೇರೆ ವರ್ಷದ ಎಂಜಿನ್ ಹಾಕಿದರೆ ಕಾಗದಪತ್ರ, ಹೊಗೆ ಪರೀಕ್ಷೆ ಏನಾಗುತ್ತೆ ಅನ್ನೋದನ್ನ ಮೊದಲೇ ವಿಚಾರಿಸಿಕೊಳ್ಳಿ. ಕಡೆಗೆ ವಿಚಾರಿಸಿದರೆ ಎದೆ ಡವಡವ.

ಇದಕ್ಕಿಂತ ಮುಂಚೆ 1983ರ ಎಂಜಿನ್ ಒಂದು ಇನ್ನೂ ಕಡಿಮೆಗೆ ಸಿಗುತ್ತಿತ್ತು. ಅದನ್ನ ಬಿಟ್ಟಿದ್ದು ಒಳ್ಳೇದಾಯಿತು. 1986ಕ್ಕಿಂತ ಹಿಂದಿನವುಗಳಲ್ಲಿ ಕ್ರ್ಯಾಂಕಿನ ಹಿಂದಿನ ಸೀಲ್ ಎರಡು ತುಂಡಿನದ್ದು, ಫ್ಲೈವೀಲ್ (ಕ್ರ್ಯಾಂಕಿನ ಹಿಂದೆ ಕೂರೋ ಭಾರದ ಚಕ್ರ) ಬೋಲ್ಟುಗಳ ವೃತ್ತ 3.58 ಇಂಚು. ಆಮೇಲಿನವುಗಳಲ್ಲಿ ಒಂದೇ ತುಂಡಿನ ಸೀಲ್, ವೃತ್ತ 3 ಇಂಚು. ಸಾಲದ್ದಕ್ಕೆ ಒಂದು ತುಂಡಿನ ಸೀಲ್ ಇರೋ ಎಂಜಿನ್ನುಗಳಿಗೆ ಬ್ಯಾಲೆನ್ಸ್ ತೂಕದ ಒಂದು ಭಾಗ ಫ್ಲೈವೀಲಿನಲ್ಲೇ ಇರುತ್ತೆ. ಹಾಗಾಗಿ ಫ್ಲೈವೀಲ್ ಅದಲು ಬದಲು ಮಾಡಿದರೆ ಕೂರೋದೇ ಇಲ್ಲ, ಹೇಗೋ ಕೂರಿಸಿದರೆ ಗಾಡಿ ಪೂರ್ತಿ ನಡುಗುತ್ತೆ. 1990 ಮತ್ತು 1998 ಎರಡೂ ಒಂದೇ ಜಾತಿ, ನನ್ನ ಹಳೇ ಫ್ಲೈವೀಲನ್ನೇ ಬಿಚ್ಚಿ ಹಾಕಿಕೊಂಡೆ.

ಎಂಜಿನ್ ಇಳಿಸಿದ್ದರ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಎಣ್ಣೆ ನೀರು ಖಾಲಿ ಮಾಡಿ, ರೇಡಿಯೇಟರ್ ತೆಗೆದು, ವೈರುಗಳಿಗೆಲ್ಲ ಟೇಪ್ ಸುತ್ತಿ ನಂಬರ್ ಬರೆದು, ಚೈನ್ ಬ್ಲಾಕಿಗೆ ನೇತು ಹಾಕಿ ಎತ್ತಿದೆವು. ಎಲ್ಲಾ ಸೇರಿ ಸುಮಾರು 260 ಕೆಜಿ ತೂಗುತ್ತೆ, ಎರಡೂವರೆ ಕ್ವಿಂಟಾಲ್. ಕೆಳಗೆ ಕೈ ಹಾಕಬೇಡ ಅಂತ ಭಾಮೈದನಿಗೆ ಹತ್ತು ಸಲ ಹೇಳಿದೆ, ಹನ್ನೊಂದನೇ ಸಲ ನಾನೇ ಹಾಕಿದೆ. ಏನೂ ಆಗಲಿಲ್ಲ, ಆದರೆ ಅವನು ನೋಡಿದ ನೋಟ ಇನ್ನೂ ಮರೆತಿಲ್ಲ. ವೈರಿಗೆ ಟೇಪಿನ ಮೇಲೆ ಪೆನ್ನಿನಲ್ಲಿ ಬರೆದರೆ ಎಣ್ಣೆ ತಾಗಿದಾಗ ಅಳಿಸಿ ಹೋಗುತ್ತೆ. ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದು ನಮ್ಮನ್ನ ಉಳಿಸಿತು.

ಈಗ ದಡ್ಡತನದ ವಿಷಯಕ್ಕೆ ಬರುತ್ತೇನೆ. 1998ರ ಗಾಡಿ ಆಟೋಮ್ಯಾಟಿಕ್, ನನ್ನದು ಮ್ಯಾನ್ಯುಯಲ್. ಮ್ಯಾನ್ಯುಯಲ್ ಗಾಡಿಯಲ್ಲಿ ಕ್ರ್ಯಾಂಕಿನ ಹಿಂಭಾಗದ ಮಧ್ಯದ ತೂತಿನಲ್ಲಿ ಒಂದು ಸಣ್ಣ ಕಂಚಿನ ಬುಷ್ ಇರುತ್ತೆ, ಪೈಲಟ್ ಬುಷ್. ಗೇರ್ ಬಾಕ್ಸಿನ ಶಾಫ್ಟ್ ತುದಿ ಅದರೊಳಗೆ ಕೂತು ತಿರುಗುತ್ತೆ. ಆಟೋಮ್ಯಾಟಿಕ್‌ಗೆ ಅದು ಬೇಡ, ಹಾಗಾಗಿ ಆ ಎಂಜಿನ್ನಿನಲ್ಲಿ ಇರೋದಿಲ್ಲ. ಇದು ನನಗೆ ಗೊತ್ತಿತ್ತು, ಹೊಸದು ತಂದೂ ಇಟ್ಟಿದ್ದೆ. ತಣ್ಣಗೆ ಮಾಡಿದರೆ ಸ್ವಲ್ಪ ಕುಗ್ಗಿ ಸಲೀಸಾಗಿ ಕೂರುತ್ತೆ ಅಂತ ಹಿಂದಿನ ರಾತ್ರಿ ಮನೆಯ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಮರೆತೆ.

ಸುಳಿವು ಸಿಗಲಿಲ್ಲ ಅಂತಲ್ಲ. ಕ್ಲಚ್ ಪ್ಲೇಟನ್ನು ಮಧ್ಯಕ್ಕೆ ತರೋಕೆ ಒಂದು ಪ್ಲಾಸ್ಟಿಕ್ ಕಡ್ಡಿ ಬರುತ್ತೆ, ಅದರ ತುದಿ ಪೈಲಟ್ ಬುಷ್ ಒಳಗೆ ಬಿಗಿಯಾಗಿ ಕೂರಬೇಕು. ನಮ್ಮದು ಲೊಡಲೊಡ ಅಲ್ಲಾಡುತ್ತಿತ್ತು. ಅಗ್ಗದ ಮಾಲು, ಇನ್ನೇನಾಗುತ್ತೆ ಅಂದುಕೊಂಡು ಕಣ್ಣಳತೆಯಲ್ಲೇ ಪ್ಲೇಟನ್ನ ಮಧ್ಯಕ್ಕೆ ತಂದು ಬಿಗಿದೆ. ಆಮೇಲೆ ಎಂಜಿನ್ ತೂಗುತ್ತಾ ಹಿಂದಕ್ಕೆ ತಳ್ಳಿದರೆ ಗೇರ್ ಬಾಕ್ಸ್ ಶಾಫ್ಟ್ ಬೆಣ್ಣೆಗೆ ಚಾಕು ಇಳಿದಂತೆ ಒಳಗೆ ಹೋಯಿತು. ಈ ಕೆಲಸ ಯಾವತ್ತೂ ಅಷ್ಟು ಸುಲಭವಾಗಿ ಆಗೋದಿಲ್ಲ, ಮೊದಲ ಸಲಕ್ಕಂತೂ ಇಲ್ಲವೇ ಇಲ್ಲ. ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿಯಾಯಿತು. ಬೋಲ್ಟುಗಳನ್ನೆಲ್ಲ ಬಿಗಿದು, ಸ್ಟಾರ್ಟರ್ ಹಾಕಿ, ಮೌಂಟ್ ಕೂರಿಸಿ, ಕೈ ತೊಳೆದುಕೊಂಡು ಮನೆಗೆ ಬಂದೆ.

ರಾತ್ರಿ ಒಂಬತ್ತಕ್ಕೆ ಅಡುಗೆ ಮನೆಯಿಂದ ಕೂಗು. "ರೀ, ಐಸ್ ಟ್ರೇ ಪಕ್ಕ ಏನೋ ಹಿತ್ತಾಳೆ ಉಂಗುರ ಥರ ಇದೆಯಲ್ಲ, ಇದೂ ನಿಮ್ಮ ಗಾಡಿಯದ್ದಾ?"

ನಾನು ಏನೂ ಮಾತಾಡಲಿಲ್ಲ. ಭಾಮೈದನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾವ, ನಾಳೆ ನನಗೆ ಹುಷಾರಿಲ್ಲ" ಅಂದ.

ಮರುದಿನ ಬಂದ, ಪಾಪ. ಎಲ್ಲಾ ಬಿಚ್ಚಿ ಎಂಜಿನ್ ಮತ್ತೆ ಹೊರಗೆ. ಬುಷ್ ಕೂರಿಸೋಕೆ ಹಿಡಿದಿದ್ದು ಎರಡು ನಿಮಿಷ. ಅದರ ಹೊರ ಅಂಚಿಗೆ ಸರಿಹೊಂದುವ ಒಂದು ಸಾಕೆಟ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಮೊದಲು ಟೊಕ್ ಟೊಕ್ ಅನ್ನೋ ಟೊಳ್ಳು ಸದ್ದು, ಆಮೇಲೆ ಒಂದು ಏಟಿಗೆ ಠಣ್ ಅಂತ ಗಟ್ಟಿ ಸದ್ದು ಬಂತು. ತಳ ಮುಟ್ಟಿತು ಅಂತ ಅರ್ಥ. ಎಂಜಿನ್ ಹೇಗೂ ಹೊರಗಿದೆಯಲ್ಲ ಅಂತ ಹಿಂದಿನ ಸೀಲನ್ನೂ ಹೊಸದು ಹಾಕಿದೆ. ಈ ಸಲ ಶಾಫ್ಟ್ ಒಳಗೆ ಹೋಗೋಕೆ ಒಂದು ಗಂಟೆ ಸತಾಯಿಸಿತು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಬೆರಳು ಹೋಗುವಷ್ಟು ಸಂದು ಉಳಿಯಿತು. ಬೋಲ್ಟಿನಿಂದ ಎಳೆದುಬಿಡೋಣ ಅಂದ ಭಾಮೈದ, ನಾನು ಬೇಡ ಅಂದೆ. ಹಾಗೆ ಎಳೆದರೆ ಕ್ಲಚ್ ಪ್ಲೇಟಿನ ಹಲ್ಲೋ ಬೆಲ್ ಹೌಸಿಂಗಿನ ಕಿವಿಯೋ ಮುರಿಯುತ್ತೆ. ಗೇರಿಗೆ ಹಾಕಿ ಕ್ರ್ಯಾಂಕನ್ನ ಒಂದಿಷ್ಟು ತಿರುಗಿಸಿದಾಗ ತಾನೇ ಸರಕ್ಕನೆ ಕೂತಿತು.

ಇನ್ನು ಮೇಲ್ಭಾಗ. 1998ರ ಎಂಜಿನ್ ತನ್ನ ಮೂಲ ರೂಪದಲ್ಲಿ ಓಡಬೇಕಾದರೆ ಅದಕ್ಕೆ ಸುಮಾರು 60 ಪಿಎಸ್‌ಐ ಪೆಟ್ರೋಲ್ ಪ್ರೆಷರ್ ಬೇಕು, ಅದರದೇ ಕಂಪ್ಯೂಟರ್ ಬೇಕು, ಅದರದೇ ವೈರಿಂಗ್ ಬೇಕು. ನನ್ನ ಗಾಡಿಯ ಟಿಬಿಐ ಓಡೋದು 9ರಿಂದ 13 ಪಿಎಸ್‌ಐನಲ್ಲಿ. ಟ್ಯಾಂಕಿನ ಪಂಪಿನಿಂದ ಹಿಡಿದು ಡ್ಯಾಶ್‌ಬೋರ್ಡ್ ತನಕ ಬದಲಾಯಿಸೋದು ನನ್ನ ತಾಳ್ಮೆಗೆ ಮೀರಿದ್ದು. ಅದಕ್ಕೇ ಹೊಸ ಎಂಜಿನ್ನಿನ ಮೇಲೆ ಹಳೇ ಟಿಬಿಐ ಕೂರಿಸೋ ದಾರಿ ಹಿಡಿದೆ. ಇದರಲ್ಲಿ ಪೂರ್ತಿ ಶಕ್ತಿ ಸಿಗೋದಿಲ್ಲ. ಈ ಎಂಜಿನ್ನಿಗೆ ಕಂಪನಿ ಹೇಳೋದು 255 ಹಾರ್ಸ್‌ಪವರ್, ಹಳೆಯದಕ್ಕೆ ಹೆಚ್ಚೆಂದರೆ 210. ನನಗೆ ಸಿಕ್ಕಿದ್ದು ನಡುವೆ ಎಲ್ಲೋ ಒಂದು ಕಡೆ. ಸಾಕು.

ಆದರೆ ಹಳೇ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚೋ ಭಾಗ, ವೋರ್ಟೆಕ್ ಹೆಡ್ ಮೇಲೆ ಕೂರೋದೇ ಇಲ್ಲ. ಹಳೆಯದಕ್ಕೆ 12 ಬೋಲ್ಟು, ಅದರಲ್ಲೂ ಮಧ್ಯದ ನಾಲ್ಕು ಓರೆಯಾಗಿ ಇಳಿಯುತ್ತವೆ. ವೋರ್ಟೆಕ್‌ಗೆ ಎಂಟೇ ಬೋಲ್ಟು, ಎಲ್ಲಾ ನೇರ. ತೂತು ದೊಡ್ಡದು ಮಾಡಿ ಹೊಂದಿಸಿಕೊಳ್ಳೋಣ ಅನ್ನೋ ಜನ ಇದ್ದಾರೆ, ದಯವಿಟ್ಟು ಬೇಡ. ಪೋರ್ಟುಗಳ ಆಕಾರವೇ ಬೇರೆ. ವೋರ್ಟೆಕ್ ಹೆಡ್ಡಿಗೆ ಅಂತಲೇ ಮಾಡಿದ, ಮೇಲೆ ಟಿಬಿಐ ಕೂರುವ ಮ್ಯಾನಿಫೋಲ್ಡ್ ಸಿಗುತ್ತೆ, ಅದನ್ನೇ ಹಾಕಿ. ಬಿಗಿ ಮಾಡುವಾಗಲೂ ಎಚ್ಚರ. ಹಳೆಯದಕ್ಕೆ 35 ಅಡಿ-ಪೌಂಡ್ ಕೊಟ್ಟು ಕೈಗೆ ರೂಢಿಯಾಗಿರುತ್ತೆ, ವೋರ್ಟೆಕ್‌ಗೆ ಬರೀ 11. ಅದನ್ನೂ ಒಂದೇ ಸಲಕ್ಕೆ ಕೊಡದೆ, ಮಧ್ಯದಿಂದ ಶುರು ಮಾಡಿ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ.

ಇಲ್ಲೇ ಇನ್ನೊಂದು ವಿಷಯ ನನ್ನ ತಲೆ ತಿಂದಿತು. ಹಳೇ ಹೆಡ್‌ನಲ್ಲಿ ಎಕ್ಸಾಸ್ಟ್ ಕಡೆಯಿಂದ ಇನ್‌ಟೇಕ್ ಅಡಿಗೆ ಬಿಸಿ ಹೊಗೆ ಹಾಯೋ ಒಂದು ದಾರಿ ಇದೆ, ಇಜಿಆರ್‌ಗೆ (ಸ್ವಲ್ಪ ಹೊಗೆಯನ್ನ ಮತ್ತೆ ಎಂಜಿನ್ನಿಗೇ ಬಿಡೋ ವ್ಯವಸ್ಥೆ) ಹೊಗೆ ಅಲ್ಲಿಂದಲೇ ಸಿಗುತ್ತೆ. ವೋರ್ಟೆಕ್ ಹೆಡ್‌ನಲ್ಲಿ ಆ ದಾರಿಯೇ ಇಲ್ಲ. ಇಜಿಆರ್ ವಾಲ್ವ್ ಹಾಕಿದರೂ ಅದಕ್ಕೆ ಬರೋದು ಗಾಳಿಯೂ ಅಲ್ಲ, ಹೊಗೆಯೂ ಅಲ್ಲ, ಏನೂ ಇಲ್ಲ. 1998ರ ಗಾಡಿಯಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ಹೊರಗಡೆಯೇ ಒಂದು ಪೈಪ್ ಎಳೆದಿರುತ್ತಾರೆ. ನಾನೂ ಅದೇ ಥರ ಪೈಪ್ ಹಾಕಿಸಿದೆ. ಬಿಚ್ಚಿ ಬಿಸಾಕಿ ಮುಚ್ಚಿಬಿಡು ಅಂತ ಸಲಹೆ ಕೊಟ್ಟವರು ನಾಲ್ಕು ಜನ, ಪೈಪ್ ಎಳೆಯೋಕೆ ಬಂದವರು ಯಾರೂ ಇಲ್ಲ.

ವಾಲ್ವ್ ಕವರ್, ವಾಟರ್ ಪಂಪ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಲ್ಲಾ ಹಳೆಯವೇ ಕೂತವು. ಒಂದು ಬ್ರ್ಯಾಕೆಟ್ಟಿನ ಕಾಲು ಮಾತ್ರ ಮೊದಲು ಇನ್‌ಟೇಕ್ ಬೋಲ್ಟಿಗೆ ಆತುಕೊಂಡಿತ್ತು, ಈಗ ಆ ಬೋಲ್ಟೇ ಇಲ್ಲ. ಒಂದು ತುಂಡು ಪಟ್ಟಿ ಕೊಯ್ದು ಹೊಂದಿಸಿದೆ.

ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಹಳೆಯದೇ ಬೇಕು, ಯಾಕಂದರೆ ಹಳೇ ಕಂಪ್ಯೂಟರ್ ಅದರ ಮಾತು ಮಾತ್ರ ಕೇಳುತ್ತೆ. ಆದರೆ ನನ್ನ ಹಳೇ ಎಂಜಿನ್ನಿನಲ್ಲಿದ್ದದ್ದು ಫ್ಲಾಟ್ ಟ್ಯಾಪೆಟ್, ಎರಕದ ಕ್ಯಾಮ್ (ವಾಲ್ವುಗಳನ್ನ ತೆರೆಯೋ ಶಾಫ್ಟ್). ಹೊಸದರಲ್ಲಿ ರೋಲರ್, ಉಕ್ಕಿನ ಕ್ಯಾಮ್. ಡಿಸ್ಟ್ರಿಬ್ಯೂಟರಿನ ಕೆಳಗಿನ ಗೇರ್ ಕ್ಯಾಮಿನ ಲೋಹಕ್ಕೆ ಹೊಂದಬೇಕು, ಇಲ್ಲದಿದ್ದರೆ ಒಂದನ್ನೊಂದು ಅರೆದು ಪುಡಿ ಎಲ್ಲಾ ಎಣ್ಣೆಗೆ ಸೇರುತ್ತೆ. ಒಂದು ಪಿನ್ ಹೊಡೆದು ತೆಗೆದರೆ ಗೇರ್ ಕಳಚುತ್ತೆ, ರೋಲರ್ ಕ್ಯಾಮಿಗೆ ಆಗುವ ಗೇರ್ ಹಾಕಿದೆ. ಇದನ್ನ ನನಗೆ ಹೇಳಿದ ಹಿರಿಯ ಮೆಕ್ಯಾನಿಕ್‌ಗೆ ಒಂದು ನಮಸ್ಕಾರ.

ಟೈಮಿಂಗ್, ಅಂದರೆ ಕಿಡಿ ಯಾವ ಕ್ಷಣಕ್ಕೆ ಬೀಳಬೇಕು ಅನ್ನೋದನ್ನ ಇಡೋಕೆ ಹೋದರೆ ಮುಂದೆ ಟೈಮಿಂಗ್ ಕವರಿನಲ್ಲಿ ಗುರುತಿನ ಮುಳ್ಳೇ ಇಲ್ಲ! 1998ರಲ್ಲಿ ಟೈಮಿಂಗ್ ಎಲ್ಲಾ ಕಂಪ್ಯೂಟರ್ ನೋಡಿಕೊಳ್ಳುತ್ತೆ, ಕ್ರ್ಯಾಂಕಿಗೇ ಸೆನ್ಸಾರ್ ಇದೆ, ಮನುಷ್ಯನಿಗೆ ಮುಳ್ಳು ಯಾಕೆ ಅಂತ ಬಿಟ್ಟಿದ್ದಾರೆ. ಸರಿ, ನಾವೇ ಮಾಡಿಕೊಳ್ಳೋಣ ಅಂತ ಕೂತೆವು. ಎಲ್ಲಾ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ ತಡೆಯೋ ಬೋಲ್ಟು ಹಾಕಿ, ಕ್ರ್ಯಾಂಕನ್ನ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆ. ಪಿಸ್ಟನ್ ಬಂದು ಮುಟ್ಟಿದಲ್ಲಿ ಪುಲ್ಲಿ ಮೇಲೆ ಸೀಮೆಸುಣ್ಣದ ಗೆರೆ. ಆಮೇಲೆ ಉಲ್ಟಾ ತಿರುಗಿಸಿ ಮುಟ್ಟಿದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಇರೋದೇ ಟಾಪ್, ಪಿಸ್ಟನ್ ಪೂರ್ತಿ ಮೇಲೆ ಬರೋ ಜಾಗ. ಕವರಿನ ಒಂದು ಬೋಲ್ಟಿಗೆ ದಪ್ಪ ತಂತಿ ಸಿಕ್ಕಿಸಿ, ತುದಿಯನ್ನ ಅರದಿಂದ ಚೂಪು ಮಾಡಿ, ಪುಲ್ಲಿಯ ಗೆರೆಗೆ ಸರಿಯಾಗಿ ಬಗ್ಗಿಸಿದೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಕೊಟ್ಟಿದ್ದು ಈ ಮೂರು ಇಂಚಿನ ತಂತಿ.

ಡಿಸ್ಟ್ರಿಬ್ಯೂಟರ್ ಹಾಕೋ ಮೊದಲು ಆ ತೂತಿನಿಂದಲೇ ಆಯಿಲ್ ಪಂಪ್ ತಿರುಗಿಸಿ ಎಣ್ಣೆ ಏರಿಸಬೇಕು. ಸುಮ್ನೆ ಒಂದು ಕಂಬಿ ಇಳಿಸಿ ಡ್ರಿಲ್ ಓಡಿಸಿದರೆ ಒಂದು ಸಾಲಿನ ರಾಕರುಗಳಿಗೆ (ವಾಲ್ವುಗಳನ್ನ ಒತ್ತೋ ಸನ್ನೆಗಳು) ಎಣ್ಣೆ ಬರುತ್ತೆ, ಇನ್ನೊಂದು ಸಾಲು ಒಣಗಿಯೇ ಇರುತ್ತೆ. ಯಾಕಂದರೆ ಈ ಬ್ಲಾಕಿನಲ್ಲಿ ಎಣ್ಣೆಯ ಒಂದು ದಾರಿಯನ್ನ ಮುಚ್ಚೋದು ಡಿಸ್ಟ್ರಿಬ್ಯೂಟರಿನ ಮೈಯೇ. ಹಾಗಾಗಿ ಯಾವುದೋ ಕೆಟ್ಟುಹೋದ ಡಿಸ್ಟ್ರಿಬ್ಯೂಟರಿನ ಗೇರ್ ಕಿತ್ತು ಅದನ್ನೇ ಉಪಕರಣ ಮಾಡಿಕೊಂಡೆವು. ಡ್ರಿಲ್ ಮೊದಲು ಗರ್ರ್ ಅಂತ ಸುಮ್ನೆ ತಿರುಗುತ್ತಿತ್ತು, ಇಪ್ಪತ್ತು ಸೆಕೆಂಡ್ ಆಗಿರಬಹುದು, ಇದ್ದಕ್ಕಿದ್ದಂತೆ ಭಾರ ಬಂದು ನನ್ನ ಮಣಿಕಟ್ಟು ತಿರುಚಿತು. "ಭಾವ, ಬಂತು ಬಂತು, ನಲವತ್ತು!" ಅಂತ ಭಾಮೈದ ಒಳಗಿಂದ ಕಿರುಚಿದ. ವಾಲ್ವ್ ಕವರ್ ಇಲ್ಲದ ಹೆಡ್ ಮೇಲೆ ಒಂದೊಂದೇ ರಾಕರಿನಿಂದ ಎಣ್ಣೆ ಜಿನುಗುತ್ತಾ ಬಂತು. ಕ್ರ್ಯಾಂಕನ್ನ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋದಂತೆ ಹದಿನಾರೂ ಒದ್ದೆಯಾದವು. ಸೊನ್ನೆಯಲ್ಲಿ ಮಲಗುತ್ತಿದ್ದ ಮುಳ್ಳು ಎದ್ದು ಕೂತಿದ್ದನ್ನ ನೋಡೋಕೆ ನಾನು ಡ್ರಿಲ್ ಬಿಟ್ಟು ಎದ್ದು ಹೋದೆ. ಹೋಗುವಷ್ಟರಲ್ಲಿ ಮುಳ್ಳು ಇಳಿದಿತ್ತು, ಡ್ರಿಲ್ ಬಿಟ್ಟರೆ ಪ್ರೆಷರ್ ಎಲ್ಲಿಂದ ಬರಬೇಕು?

ಸ್ಟಾರ್ಟ್ ಮಾಡೋ ದಿನ. ಸಿಲಿಂಡರುಗಳಿಗೆ ಕಿಡಿ ಬೀಳೋ ಸರದಿಯನ್ನ 1-8-4-3-6-5-7-2 ಅಂತ ಮಂತ್ರದ ಥರ ಹೇಳಿಕೊಂಡು ಪ್ಲಗ್ ವೈರ್ ಹಾಕಿದೆ. ಕೀ ತಿರುಗಿಸಿದರೆ ಥ್ರಾಟಲ್ ಬಾಡಿಯಿಂದ ಢಬ್ ಅಂತ ಬೆಂಕಿ ಉಗುಳಿತು. ಇನ್ನೊಂದು ಸಲ, ಇನ್ನೊಂದು ಢಬ್. ಭಾಮೈದನ ಕಡೆ ನೋಡಿದೆ, ಅವನು ಆಗಲೇ ಹತ್ತು ಅಡಿ ಹಿಂದೆ ನಿಂತಿದ್ದ. ಆಮೇಲೆ ಹೊಳೆಯಿತು. ಪಿಸ್ಟನ್ ಟಾಪಿಗೆ ಬರೋದು ಎರಡು ಸಲ, ಒಂದು ಕಂಪ್ರೆಷನ್‌ನಲ್ಲಿ, ಇನ್ನೊಂದು ಎಕ್ಸಾಸ್ಟ್‌ನಲ್ಲಿ. ನನ್ನ ತಂತಿ ಮುಳ್ಳಿನ ಖುಷಿಯಲ್ಲಿ ಯಾವ ಟಾಪ್ ಅಂತ ನೋಡಿಯೇ ಇರಲಿಲ್ಲ. ಡಿಸ್ಟ್ರಿಬ್ಯೂಟರ್ ಸರಿಯಾಗಿ ಅರ್ಧ ಸುತ್ತು ತಪ್ಪಾಗಿ ಕೂತಿತ್ತು. ಪ್ಲಗ್ ತೂತಿಗೆ ಬೆರಳಿಟ್ಟು, ಗಾಳಿ ಬೆರಳನ್ನ ನೂಕುವಾಗ ಬರೋ ಟಾಪ್ ಹಿಡಿದು ಮತ್ತೆ ಹಾಕಿದೆ. ಎರಡನೇ ತಿರುಗಿಗೆ ಹತ್ತಿಕೊಂಡಿತು.

ಟಿಬಿಐ ಎಂಜಿನ್ನಿಗೆ ಮೂಲ ಟೈಮಿಂಗ್ ಸೊನ್ನೆ ಡಿಗ್ರಿ. ಅದನ್ನ ಇಡುವಾಗ ಕಂದು-ಕಪ್ಪು ಪಟ್ಟೆಯ ಒಂದು ವೈರ್ ಕನೆಕ್ಟರ್ ಬಿಚ್ಚಬೇಕು, ಇಲ್ಲದಿದ್ದರೆ ಕಂಪ್ಯೂಟರ್ ನಡುವೆ ಕೈ ಹಾಕುತ್ತೆ. ಬಿಚ್ಚಿದ್ದಕ್ಕೆ ಕಂಪ್ಯೂಟರಿನಲ್ಲಿ ದೋಷದ 42ನೇ ಕೋಡ್ ಬರುತ್ತೆ, ಗಾಬರಿ ಬೇಡ, ಕೆಲಸ ಮುಗಿದ ಮೇಲೆ ಕನೆಕ್ಟರ್ ಹಾಕಿ ಬ್ಯಾಟರಿ ವೈರ್ ಸ್ವಲ್ಪ ಹೊತ್ತು ತೆಗೆದರೆ ಹೋಗುತ್ತೆ. ನನಗೆ ಅದು ಹೋಯಿತು, 43 ಬಂತು. ನಾಕ್ ಸೆನ್ಸಾರ್, ಪೆಟ್ರೋಲ್ ತಪ್ಪಾಗಿ ಉರಿದಾಗ ಆಗೋ ಬಡಿತ ಗುರುತಿಸೋದು. ಹೊಸ ಎಂಜಿನ್ನಿನಲ್ಲೇ ಇದ್ದ ಸೆನ್ಸಾರಿಗೆ ಹಳೇ ವೈರ್ ಸಿಕ್ಕಿಸಿ ಬಿಟ್ಟಿದ್ದೆ, ಹಳೇ ಮಾಡ್ಯೂಲಿಗೆ ಅದರ ಭಾಷೆ ಬರೋದಿಲ್ಲ. ಹಳೇ ಸೆನ್ಸಾರ್ ಕೂರೋದು ಬ್ಲಾಕಿನ ಪಕ್ಕದ ನೀರು ಬಿಡೋ ತೂತಿನಲ್ಲಿ. ಕೆಳಗೆ ಮಲಗಿ ಆ ತೂತಿನ ಪ್ಲಗ್ ಬಿಚ್ಚಿದರೆ ಕೂಲೆಂಟ್ ಎಲ್ಲಾ ತೋಳಿನ ಒಳಗಿಂದ ಬಗಲಿನ ತನಕ ಇಳಿಯಿತು.

ಕೊನೆಗೆ ಉಳಿದಿದ್ದು ಚಿಪ್. ಹಳೇ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ತನ್ನ ಚಿಪ್ಪಿನಲ್ಲಿರೋ ಹಳೇ ಹೆಡ್ಡಿನ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತೆ. ಇದು ಗಾಳಿ ಜಾಸ್ತಿ ಎಳೆಯೋ ಹೆಡ್. 12 ಪಿನ್ನಿನ ಹಳೇ ಕನೆಕ್ಟರಿಗೆ ಲ್ಯಾಪ್‌ಟಾಪ್ ಹಾಕಿ ನೋಡಿದರೆ 128ರ ಹತ್ತಿರ ಇರಬೇಕಾದ, ಕಂಪ್ಯೂಟರ್ ಪೆಟ್ರೋಲನ್ನ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ ತೋರಿಸೋ ತಿದ್ದುಪಡಿ ಸಂಖ್ಯೆ ಏರು ಹತ್ತುವಾಗ 145 ದಾಟುತ್ತಿತ್ತು, ಅಂದರೆ ಸಾಲುತ್ತಿಲ್ಲ, ಇನ್ನೂ ಕೊಡು ಕೊಡು ಅಂತ ಕೇಳುತ್ತಿದೆ. ಇನ್ನೊಂದು, ವೋರ್ಟೆಕ್ ಹೆಡ್‌ನಲ್ಲಿ ಪೆಟ್ರೋಲ್ ಬೇಗ ಉರಿಯುತ್ತೆ, ಹಳೆಯದರಷ್ಟು ಅಡ್ವಾನ್ಸ್, ಅಂದರೆ ಟಾಪಿಗಿಂತ ಅಷ್ಟು ಮುಂಚೆ ಕಿಡಿ ಬೀಳೋದು ಬೇಡ. ಪೆಟ್ರೋಲ್ ಸ್ವಲ್ಪ ಹೆಚ್ಚು, ಅಡ್ವಾನ್ಸ್ ಸ್ವಲ್ಪ ಕಡಿಮೆ ಮಾಡಿ ಚಿಪ್ ಬರೆಸಿದೆ. ಮೂರನೇ ಸಲ ಬರೆದ ಚಿಪ್ಪಿಗೆ ಸಂಖ್ಯೆ 130ರ ಆಸುಪಾಸಿಗೆ ಬಂತು.

ಈಗ ಓಡುತ್ತಿದೆ. ಬೆಳಗಿನ ಚಳಿಯಲ್ಲಿ ಮೊದಲ ಐದು ನಿಮಿಷ ಸ್ವಲ್ಪ ಮುನಿಸಿಕೊಳ್ಳುತ್ತೆ, ಇನ್‌ಟೇಕ್ ಅಡಿ ಆ ಬಿಸಿ ಹೊಗೆಯ ದಾರಿ ಇಲ್ಲವಲ್ಲ. ಆಮೇಲೆ ಮೂರನೇ ಗೇರಿನಲ್ಲಿ ಏರು ಹತ್ತುತ್ತೆ, ಮೊದಲು ಎರಡಕ್ಕೆ ಇಳಿಸಬೇಕಿತ್ತು. ಕ್ರ್ಯಾಂಕ್ ಸೆನ್ಸಾರ್ ಯಾವ ವೈರೂ ಇಲ್ಲದೆ ಮುಂದಿನ ಕವರಿನ ತೂತು ಮುಚ್ಚಿಕೊಂಡು ಸುಮ್ಮನೆ ಕೂತಿದೆ. ಇನ್‌ಟೇಕ್ ಹಿಂದುಗಡೆ, ಡಿಸ್ಟ್ರಿಬ್ಯೂಟರ್ ಅಡಿಯಲ್ಲಿ ಸಿಲಿಕೋನ್ ಹಚ್ಚಿದ ಮೂಲೆಯಿಂದ ದಿನಕ್ಕೆ ಒಂದು ಹನಿ ಎಣ್ಣೆ ಬರುತ್ತಿದೆ. ಮುಂದಿನ ಭಾನುವಾರ ಬಿಚ್ಚಿ ನೋಡೋಣ ಅಂತ ಭಾಮೈದನಿಗೆ ಹೇಳಿದ್ದೇನೆ. ಅವನು ಫ್ರೀಜರ್ ನೋಡಿಕೊಂಡು ಹೇಳಿ ಅಂದ.